ಸ್ಕೂಟಿಯಿಂದ ಬಿದ್ದು ಕಣ್ಣಿನ ಸುತ್ತ ಊದಿಕೊಂಡಿದೆ, ನಾಡಿದ್ದೇ ಇಂಟರ್‌ವ್ಯೂ. ಹೋಗಲೇ, ಮುಂದೂಡಲೇ?

ಹೋಗಿ. ತಲೆಸುತ್ತು, ವಾಂತಿ ಏನೂ ಇಲ್ಲ, ಕಣ್ಣು ಸರಿಯಾಗಿ ಕಾಣುತ್ತಿದೆ ಅಂತ ನೀವೇ ಬರೆದಿರುವುದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ನಿನ್ನೆ ಮಂಡ್ಯದ ಹತ್ತಿರ ಸರ್ವಿಸ್ ರಸ್ತೆಯಲ್ಲಿ, ಟ್ರಾಕ್ಟರ್‌ನಿಂದ ಉದುರಿದ ಕಬ್ಬಿನ ಸೋಗೆ ಮೇಲೆ ಗಾಡಿ ಜಾರಿದೆ. ಎಡಗೆನ್ನೆ ತರಚಿದೆ, ಕಣ್ಣಿನ ಸುತ್ತ ಊತ, ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು. ನಾಡಿದ್ದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಟರ್‌ವ್ಯೂ. ಮೇಕಪ್ ಹಾಕಿ ಮುಚ್ಚಲೇ, ಅವರು ಕೇಳಿದರೆ ಮಾತ್ರ ಹೇಳಲೇ, ಇಲ್ಲ ದಿನ ಬದಲಿಸಲು ಕೇಳಲೇ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಕೂರ್ಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಮೇಜಿನ ಆ ಬದಿ ಕೂರುವವರಲ್ಲಿ ನಾನೂ ಒಬ್ಬಳು. ಮುಖದಲ್ಲಿ ಗಾಯ ಇರುವವರು ಒಳಗೆ ಬಂದರೆ ನಾವು ಮೂವರೂ ನೋಡುತ್ತೇವೆ, ಮೂವರೂ ಕೇಳುವುದಿಲ್ಲ. ಕೇಳಿದರೆ ಎಲ್ಲಿ ನೋವಾಗುತ್ತದೋ ಅನ್ನುವ ಸಂಕೋಚ. ಆದರೆ ಬಾಯಿ ಸುಮ್ಮನಿದ್ದರೂ ತಲೆ ಸುಮ್ಮನಿರುವುದಿಲ್ಲ, ತಾನೇ ಒಂದು ಕಥೆ ಕಟ್ಟುತ್ತದೆ. ಹುಡುಗನಾದರೆ ಎಲ್ಲೋ ಹೊಡೆದಾಟ, ಇಲ್ಲ ಕುಡಿತ. ಹೆಣ್ಣುಮಗಳ ಕಣ್ಣು ಊದಿದ್ದರೆ ಮನೆಯಲ್ಲಿ ಯಾರೋ ಕೈ ಮಾಡಿದ್ದಾರೆ. ಇದು ಅನ್ಯಾಯ, ನನಗೆ ಗೊತ್ತು. ಆದರೂ ಆ ಕೋಣೆಯಲ್ಲಿ ನಡೆಯುವುದು ಇದೇ. ಆ ಹೊತ್ತಿಗೆ ನೀವು ಹೇಳುತ್ತಿರುವ ಒಳ್ಳೆಯ ಉತ್ತರ ಅರ್ಧ ಮಾತ್ರ ಕಿವಿಗೆ ಬಿದ್ದಿರುತ್ತದೆ.

ಅದಕ್ಕೇ ಅವರು ಕೇಳುವವರೆಗೆ ಕಾಯಬೇಡಿ. ಕುರ್ಚಿಯಲ್ಲಿ ಕೂತ ತಕ್ಷಣ ನೀವೇ ಹೇಳಿ: “ಮೊನ್ನೆ ಸ್ಕೂಟಿ ಜಾರಿ ಬಿದ್ದೆ ಸರ್. ಡಾಕ್ಟರಿಗೆ ತೋರಿಸಿದ್ದೇನೆ, ಆರಾಮಾಗಿದ್ದೀನಿ.” ಇಷ್ಟೇ. ಏನಾಯಿತು, ತೋರಿಸಿದ್ದಾಯಿತು, ಈಗ ಚೆನ್ನಾಗಿದ್ದೇನೆ. ಟ್ರಾಕ್ಟರ್‌ನವನ ತಪ್ಪು, ರಸ್ತೆಯ ಸ್ಥಿತಿ, ಅಮ್ಮ ಅತ್ತಿದ್ದು ಯಾವುದೂ ಬೇಡ. ಕ್ಷಮೆಯನ್ನಂತೂ ಕೇಳಲೇಬೇಡಿ, ಬಿದ್ದದ್ದು ಅಪರಾಧ ಅಲ್ಲ. ಒಮ್ಮೆ ಪಾಂಡವಪುರ ಕಡೆಯ ಹುಡುಗನೊಬ್ಬ ಹುಬ್ಬಿನ ಮೇಲೆ ಹಸಿ ಹೊಲಿಗೆ ಇಟ್ಟುಕೊಂಡು ಬಂದಿದ್ದ. “ಭಾನುವಾರ ಕಬಡ್ಡಿ ಆಡುವಾಗ ಆಗಿದ್ದು ಮೇಡಂ, ವಾಸಿಯಾಗ್ತಿದೆ” ಅಂದ. ಆಮೇಲೆ ಆ ಹುಬ್ಬಿನ ಕಡೆ ನಮ್ಮ ಗಮನವೇ ಹೋಗಲಿಲ್ಲ, ಮಾತು ಯಂತ್ರಭಾಗಗಳ ಡ್ರಾಯಿಂಗ್ ಕಡೆ ಹೊರಳಿತು.

ಒಂದು ಮರುಪ್ರಶ್ನೆ ಬರಬಹುದು: “ಹೆಲ್ಮೆಟ್ ಹಾಕಿದ್ರಾ?” ಕಾರ್ಖಾನೆಯವರು ಇದನ್ನು ಸುಮ್ಮನೆ ಕೇಳುವುದಿಲ್ಲ, ಸುರಕ್ಷತೆ ಅವರ ದಿನನಿತ್ಯದ ಚಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಲೆ ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್ ಕೆನ್ನೆ ಉಳಿಸುವುದಿಲ್ಲ ಅನ್ನುವುದು ಅವರಿಗೂ ಗೊತ್ತು.

ಇನ್ನೊಂದು ಮಾತು, ನಿಮಗಲ್ಲದಿದ್ದರೂ ಇದನ್ನು ಓದುವ ಬೇರೆ ಯಾರಿಗೋ. ಗಾಯ ನಿಜವಾಗಿಯೂ ಮನೆಯಲ್ಲೇ ಆದದ್ದಾದರೆ ಇಂಟರ್‌ವ್ಯೂನಲ್ಲಿ ಅದನ್ನು ಬಿಚ್ಚಿಡುವ ಋಣ ನಿಮಗಿಲ್ಲ. “ಸಣ್ಣ ಪೆಟ್ಟಾಗಿದೆ, ಕೆಲಸಕ್ಕೆ ಅಡ್ಡಿಯಿಲ್ಲ” ಅಂದರೆ ಸಾಕು. ಮಹಿಳಾ ಸಹಾಯವಾಣಿ 181 ಹಗಲು ರಾತ್ರಿ ಇರುತ್ತದೆ. ಸ್ವಂತ ಸಂಬಳದ ಕೆಲಸ ಯಾರಿಗಿಂತಲೂ ನಿಮಗೇ ಹೆಚ್ಚು ಬೇಕು, ಆ ದಿನ ತಪ್ಪಿಸಬೇಡಿ.

ಈಗ ಮುಖದ ವಿಷಯ. ಇವತ್ತು ಕೆಂಪಗಿರುವುದು ನಾಡಿದ್ದಿಗೆ ಇನ್ನೂ ನೀಲಿಗಟ್ಟಿ ಕಪ್ಪಾಗುತ್ತದೆ, ಕೆಳಗೆ ಕೆನ್ನೆಗೂ ಇಳಿಯಬಹುದು. ಹೆದರಬೇಡಿ, ಹೆಪ್ಪುಗಟ್ಟಿದ ರಕ್ತದ ದಾರಿಯೇ ಅದು. ಆಮೇಲೆ ಹಸಿರು, ಹಳದಿಗೆ ತಿರುಗಿ ಸಾಮಾನ್ಯವಾಗಿ ಎರಡು ವಾರದಲ್ಲಿ ಹೋಗುತ್ತದೆ. ಮೊದಲ 48 ಗಂಟೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10-15 ನಿಮಿಷದಂತೆ ದಿನಕ್ಕೆ ಹಲವು ಸಲ ಇಡಿ, ಕಣ್ಣುಗುಡ್ಡೆ ಮೇಲೆ ಒತ್ತಬೇಡಿ. ಮಲಗಿ ಎದ್ದಾಗ ಊತ ಹೆಚ್ಚು, ಹಾಗಾಗಿ ಎರಡು ದಿಂಬು ಹಾಕಿ ತಲೆ ಎತ್ತರದಲ್ಲಿಟ್ಟು ಮಲಗಿ, ಆ ದಿನ ಬೇಗ ಏಳಿ. ತರಚಿದ ಕಡೆ ಅರಿಶಿನ, ಕಾಫಿಪುಡಿ ಬೇಡ. ಅಜ್ಜಿಯಂದಿರು ಪ್ರೀತಿಯಿಂದಲೇ ಹಚ್ಚುತ್ತಾರೆ, ಆದರೆ ಗಾಯದೊಳಗೆ ಪುಡಿ ಕೂರುತ್ತದೆ, ಅರಿಶಿನದ ಕಲೆ ಆ ದಿನವೂ ಕಾಣುತ್ತದೆ. ಶುದ್ಧ ನೀರಲ್ಲಿ ತೊಳೆದು ತೆಳ್ಳಗೆ ವ್ಯಾಸಲೀನ್ ಹಚ್ಚಿದರೆ ಸಾಕು. ರಸ್ತೆ ಮಣ್ಣು ತಾಗಿದ ಗಾಯ ಇದು; ಟಿಟಿ ಇಂಜೆಕ್ಷನ್ ಹಾಕಿಸಿ 5 ವರ್ಷ ದಾಟಿದ್ದರೆ ಇವತ್ತೇ ಡಾಕ್ಟರನ್ನು ಕೇಳಿ.

ಮೇಕಪ್ ನಿಮ್ಮಿಷ್ಟ. ಚರ್ಮ ಒಡೆಯದ ನೀಲಿ ಭಾಗಕ್ಕೆ ಕಿತ್ತಳೆ ಛಾಯೆಯ ಕನ್ಸೀಲರ್ ತೆಳ್ಳಗೆ ಹಾಕಿದರೆ ನಮ್ಮ ಬಣ್ಣದ ಚರ್ಮಕ್ಕೆ ಹೊಂದುತ್ತದೆ, ತರಚಿದ ಜಾಗಕ್ಕೆ ಖಂಡಿತ ಹಾಕಬೇಡಿ. ಮುಚ್ಚಿದರೂ ಆ ಒಂದು ಮಾತು ಹೇಳಿಯೇ ಬಿಡಿ, ಹತ್ತಿರದಿಂದ ನೋಡಿದವರಿಗೆ ಊತ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ ಮುಖಕ್ಕಿಂತ ಬಲಗೈಯದೇ ನಿಜವಾದ ಪ್ರಶ್ನೆ. ಬರವಣಿಗೆ ಪರೀಕ್ಷೆಯೋ, ವರ್ನಿಯರ್ ಹಿಡಿದು ಅಳೆಯುವ ಪರೀಕ್ಷೆಯೋ ಇದ್ದರೆ ಅಲ್ಲಿ ಹೋಗಿ ಹೇಳುವುದು ತಡವಾಗುತ್ತದೆ. ಇವತ್ತೇ ಎಚ್‌ಆರ್‌ಗೆ ಫೋನ್ ಮಾಡಿ, ಅದನ್ನೇ ಮೇಲ್‌ನಲ್ಲೂ ಹಾಕಿ: ಎರಡು ಬೆರಳಿಗೆ ಪೆಟ್ಟಾಗಿದೆ, ಬರುತ್ತೇನೆ, ಬರೆಯುವುದು ನಿಧಾನವಾಗಬಹುದು, ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆಯೇ. ಆಹಾರ ತಯಾರಿಸುವ ಘಟಕವಾದರೆ ಗಾಯವಾದ ಕೈಯ ಬಗ್ಗೆ ಮೊದಲೇ ಹೇಳಲೇಬೇಕು. ತೆರೆದ ಗಾಯ ಇರುವವರು ಆಹಾರ ಮುಟ್ಟಬಾರದು ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ, ತಯಾರಿಕೆ ನಡೆಯುವ ಶಾಪ್‌ಫ್ಲೋರ್‌ಗೆ ಬಿಡದಿದ್ದರೆ ಬೇಸರ ಬೇಡ. ಕೈಕುಲುಕಲು ಬಂದರೆ ನಮಸ್ಕಾರ ಮಾಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಿಗ್ಗೆ ಬ್ಯಾಂಡೇಜು ಬದಲಿಸಿ, ಚಿಕ್ಕದಾಗಿ ಕಟ್ಟಿಸಿಕೊಳ್ಳಿ.

ಆ ದಿನ ಸ್ಕೂಟಿ ಮುಟ್ಟಬೇಡಿ. ಮಂಡ್ಯದಿಂದ ಮೈಸೂರಿಗೆ ಹೆಚ್ಚು ಕಡಿಮೆ 45 ಕಿಲೋಮೀಟರ್, ಈ ಕೈಯಲ್ಲಿ ಬ್ರೇಕ್ ಹಿಡಿಯುವುದು ಕ್ಷೇಮವಲ್ಲ. ಒಂದು ರೈಲು ಮುಂಚೆಯೇ ಹೊರಡಿ, ಸ್ಟೇಷನ್‌ನಿಂದ ಆಟೋ ಮಾಡಿ.

ಮುಂದೂಡಬೇಕಾದ ಸಂದರ್ಭವೂ ಇದೆ. ಇವತ್ತೋ ನಾಳೆಯೋ ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಅತಿಯಾದ ಮಂಪರು ಬಂದರೆ, ಒಂದು ಎರಡಾಗಿ ಕಂಡರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ನೇರ ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಗೆ ಹೋಗಿ. ಎಚ್‌ಆರ್‌ಗೆ ಮನೆಯವರು ಫೋನ್ ಮಾಡಿ ಬೇರೆ ದಿನ ಕೇಳಲಿ.