ಹಿಂದೆ ತಿರುಗಿ ನೋಡುವ ಹಿತ್ತಾಳೆ ಹಕ್ಕಿ ಚಿನ್ನ ತೂಗುತ್ತಿತ್ತಾ?

ಪ್ರಶ್ನೆ: ಘಾನಾದ ಅಕ್ರಾದಲ್ಲಿ ಕೆಲಸಕ್ಕಿರುವ ನಮ್ಮ ಭಾವ ಹೆಬ್ಬೆರಳುದ್ದದ ಹಿತ್ತಾಳೆ ಹಕ್ಕಿಯೊಂದನ್ನು ತಂದುಕೊಟ್ಟಿದ್ದಾರೆ. ತಲೆ ಹಿಂದಕ್ಕೆ ತಿರುಗಿದೆ. ಇದು ಚಿನ್ನ ತೂಗುತ್ತಿದ್ದ ಬಟ್ಟು ಅಂತಾರೆ. ನಿಜವಾ? ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ದಯವಿಟ್ಟು ಉಜ್ಜಬೇಡಿ! ಬಟ್ಟು ಹಳೆಯದಾಗಿದ್ದರೆ ಮೇಲಿನ ಕಂದು ಪೊರೆಯೇ ಅದರ ಗುರುತು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಆ ಹಕ್ಕಿಗೆ ಸಂಕೋಫಾ ಅನ್ನುತ್ತಾರೆ. ಘಾನಾದ ಅಸಾಂಟೆ ಜನರ ಟ್ವಿ ಭಾಷೆಯಲ್ಲಿ ಹಾಗಂದರೆ 'ಹಿಂದೆ ಹೋಗಿ ತಗೊಂಡು ಬಾ'. ಅವರಲ್ಲಿ ಚಿನ್ನದ ಪುಡಿಯೇ ದುಡ್ಡಾಗಿತ್ತು. ಅವರ ರಾಜಧಾನಿ ಕುಮಾಸಿಯ ವ್ಯಾಪಾರಿ ಸಂತೆಗೆ ಹೊರಟರೆ ಪುಟ್ಟ ತಕ್ಕಡಿ, ಚಮಚ, ಪುಡಿ ತುಂಬಿದ ಡಬ್ಬಿ ಮತ್ತು ಇಂಥ ಬಟ್ಟುಗಳ ಗಂಟು ಜೊತೆಗಿರಬೇಕು. ಕೊಡುವವನೂ ತೂಗುತ್ತಿದ್ದ, ತಗೊಳ್ಳುವವನೂ ತನ್ನ ಬಟ್ಟಿನಲ್ಲಿ ಇನ್ನೊಮ್ಮೆ ತೂಗುತ್ತಿದ್ದ. ಬಟ್ಟಿನ ಆಕಾರಕ್ಕೂ ತೂಕಕ್ಕೂ ಸಂಬಂಧವಿಲ್ಲ. ಒಂದು ಹಕ್ಕಿ ಹಗುರ, ಅಂಥದ್ದೇ ಇನ್ನೊಂದು ಭಾರ ಇರಬಹುದು.

ತೀರಾ ಸಣ್ಣ ತೂಕಕ್ಕೆ ಅವರು ಬಳಸುತ್ತಿದ್ದದ್ದು ಏನು ಗೊತ್ತಾ? ಕೆಂಪು ಮೈ, ಕಪ್ಪು ಚುಕ್ಕೆಯ ಬೀಜ. ನಮ್ಮ ಅಕ್ಕಸಾಲಿಗರ ಅದೇ ಗುಲಗಂಜಿ! ಅಲ್ಲಿ ಅದಕ್ಕೆ ದಮ್ಮಾ ಅನ್ನುತ್ತಿದ್ದರು.

ಬಟ್ಟು ಮಾಡುವ ಕ್ರಮ ಹೀಗೆ: ಜೇನುಮೇಣದಲ್ಲಿ ಹಕ್ಕಿ ತಿದ್ದುತ್ತಾರೆ, ಸುತ್ತ ಜೇಡಿಮಣ್ಣು ಮೆತ್ತುತ್ತಾರೆ, ಕಾಯಿಸುತ್ತಾರೆ. ಮೇಣ ಕರಗಿ ಹೋದ ಜಾಗಕ್ಕೆ ಹಿತ್ತಾಳೆ ಹೊಯ್ಯುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಕಡಲೆಕಾಯಿ ಬಟ್ಟು. ಅದಕ್ಕೆ ಮೇಣವೇ ಬೇಡ. ನಿಜವಾದ ಕಾಯಿಗೇ ಮಣ್ಣು ಮೆತ್ತಿ ಸುಡುತ್ತಾರೆ. ಕಾಯಿ ಬೂದಿಯಾಗುತ್ತದೆ, ಸಿಪ್ಪೆಯ ಒಂದೊಂದು ಗೆರೆಯೂ ಹಿತ್ತಾಳೆಯಲ್ಲಿ ಉಳಿಯುತ್ತದೆ. ಜೀರುಂಡೆಗಳನ್ನೂ ಹೀಗೆಯೇ ಎರಕ ಹೊಯ್ದಿದ್ದಾರೆ. ನೂರಾರು ವರ್ಷ ಹಿಂದೆ ಯಾವುದೋ ಹೊಲದಲ್ಲಿ ಬೆಳೆದ ಒಂದು ಕಾಯಿ ಇವತ್ತೂ ಅಂಗೈಯಲ್ಲಿ ಕೂರುತ್ತದೆ ಅಂದರೆ ನನಗೆ ಮೈ ಜುಮ್ ಅನ್ನುತ್ತದೆ.

1889ರಲ್ಲಿ ಬ್ರಿಟಿಷರು ತಮ್ಮ ಗೋಲ್ಡ್ ಕೋಸ್ಟ್ (ಇಂದಿನ ಘಾನಾದ ಕರಾವಳಿ ಭಾಗ) ವಸಾಹತಿನಲ್ಲಿ ಚಿನ್ನದ ಪುಡಿಯ ಚಲಾವಣೆ ನಿಲ್ಲಿಸಿದರು. ಬಟ್ಟುಗಳಿಗೆ ಕೆಲಸ ತಪ್ಪಿತು. ಈಗ ಮಾರಾಟಕ್ಕೆ ಸಿಗುವುದರಲ್ಲಿ ಪ್ರವಾಸಿಗರಿಗೆಂದು ಮಾಡಿದ ಹೊಸವೇ ಜಾಸ್ತಿ.

ನಿಮ್ಮದನ್ನು ಪರೀಕ್ಷಿಸಲು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕೈಯಾಡಿ ಕೊಕ್ಕು, ರೆಕ್ಕೆಯ ಅಂಚು ನುಣುಪಾಗಿವೆಯಾ? ಅಡಿಯಲ್ಲಿ ಸೀಸದ ತೇಪೆ ಇದೆಯಾ? ತೂಕ ಕಡಿಮೆ ಬಂದಾಗ ಸೀಸ ಸೇರಿಸಿ, ಜಾಸ್ತಿಯಾದಾಗ ಅರದಿಂದ ಉಜ್ಜಿ ಸರಿ ಮಾಡುತ್ತಿದ್ದರು. ಅಂಥ ಗುರುತು ಕಂಡರೆ ಹಳೆಯದಿರುವ ಸಾಧ್ಯತೆ ಹೆಚ್ಚು. ಆಫ್ರಿಕಾದ ಕಲೆ ಬಲ್ಲವರಿಗೆ ತೋರಿಸಿ. ಕಾಣದಿದ್ದರೆ, ಕುಮಾಸಿ ಹತ್ತಿರದ ಕ್ರೊಫೊಫ್ರೊಮ್‌ನಂಥ ಊರಿನಲ್ಲಿ ಇವತ್ತಿಗೂ ಮೇಣ ತಿದ್ದುತ್ತಿರುವ ಯಾರದೋ ಕೈಕೆಲಸ ಇರಬಹುದು. ಎರಡರಲ್ಲಿ ಯಾವುದಾದರೂ ಒಣ ಬಟ್ಟೆಯಲ್ಲಿ ಒರೆಸಿ ಇಡಿ, ಸಾಕು.