ಕೀಲಿ ತಿರುಗಿಸಿದ ಕೂಡಲೇ ಬೋಟು ಸಿಡಿಯೋದು ಯಾಕೆ?

ಪೆಟ್ರೋಲ್ ತುಂಬಿಸಿ ಸ್ಟಾರ್ಟ್ ಮಾಡಿದ ಕೂಡಲೇ ಕೆಲವು ಸಣ್ಣ ಬೋಟುಗಳು ಸಿಡಿಯುತ್ತವಲ್ಲ, ಟ್ಯಾಂಕೇ ಸ್ಫೋಟ ಆಗುತ್ತಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಟ್ಯಾಂಕ್ ಅಲ್ಲ, ಅದರ ಹೊರಗೆ ಸೇರಿಕೊಂಡ ಆವಿ.

ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಕಾರಿನ ಕೆಳಗೆ ಜಾಗ ತೆರೆದಿರುತ್ತೆ, ಸೋರಿದ್ದು ಹರಡಿ ಹೋಗುತ್ತೆ. ಬೋಟಿನ ತಳ ಮುಚ್ಚಿದ ಬಟ್ಟಲಿನ ಹಾಗೆ, ಆವಿ ಅಲ್ಲೇ ಕೂತಿರುತ್ತೆ. ಗಾಳಿಯಲ್ಲಿ ಅದರ ಪಾಲು ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಆ ಕಿಡಿ ಸ್ಟಾರ್ಟರ್ ಮೋಟಾರಿನಿಂದಲೇ ಬರಬಹುದು. ಒತ್ತಡಕ್ಕೆ ಹೊರಗೆ ಹೋಗಲು ದಾರಿ ಇಲ್ಲ, ಅಲ್ವಾ? ಫೈಬರ್ ಬೋಟಾದರೆ ಡೆಕ್ಕೂ ಒಡಲೂ ಸೇರುವ ಅಂಚೇ ಬಿಚ್ಚಿಕೊಂಡು ಡೆಕ್ಕು ಮೇಲೇಳುತ್ತೆ. ಆಮೇಲೆ ಬೆಂಕಿ.

ಡೀಸೆಲ್‌ನಲ್ಲಿ ಈ ಅಪಾಯ ತುಂಬಾ ಕಡಿಮೆ. ಆದರೆ ಒಳಗೆ ಅಡುಗೆ ಗ್ಯಾಸ್ ಇದ್ದರೆ ಅದೂ ಸೋರಿ ತಳಕ್ಕೇ ಇಳಿಯುತ್ತೆ, ಮರೀಬೇಡಿ.

ಪೆಟ್ರೋಲ್ ತುಂಬಿಸುವಾಗ ಎಂಜಿನ್ ಆಫ್, ಕಿಟಕಿ ಬಾಗಿಲು ಬಂದ್, ಜನ ದಡದಲ್ಲಿ. ತುಂಬಿಸಿದ ಮೇಲೆ ಎಲ್ಲ ತೆರೆದು, ಬ್ಲೋವರನ್ನು (ತಳದ ಆವಿಯನ್ನು ಹೊರಗೆ ಎಳೆದು ಹಾಕುವ ಫ್ಯಾನ್) ಕನಿಷ್ಠ 4 ನಿಮಿಷ ಓಡಿಸಿ. ಸುಮ್ನೆ ಬ್ಲೋವರ್ ನಂಬಿಕೊಂಡು ಕೂರಬೇಡಿ. ಎಂಜಿನ್ ಮುಚ್ಚಳ ತೆಗೆದು, ಬಗ್ಗಿ, ಮೂಸಿ ನೋಡಿ. ಸ್ವಲ್ಪ ವಾಸನೆ ಬಂದರೂ ಕೀಲಿ ಮುಟ್ಟಬೇಡಿ, ಸೋರಿಕೆ ಎಲ್ಲಿದೆ ಅಂತ ಮೊದಲು ಹುಡುಕಿಸಿ.