ದೊಡ್ಡಪ್ಪನ ಕವಳದಿಂದ ಶುರುಮಾಡಿ

ಪ್ರಿಯ ಲೇಖಕರೇ,

‘ಅಡಿಕೆ ತಿಂದರೆ ಪಾರ್ಕಿನ್ಸನ್’ (ಮೈ ನಡುಗುವ, ಬಿಗಿಯುವ ಕಾಯಿಲೆ) ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ತಲೆಬರಹದ ಮಾತಿಗೆ ಒಳಗೆ ಎಲ್ಲೂ ಆಧಾರವಿಲ್ಲ. ಮೊದಲ ಮೂರು ಪುಟ ಸುಮ್ನೆ ಹೆದರಿಸುತ್ತವೆ.

ನಾಲ್ಕನೇ ಪುಟದಲ್ಲಿ ನಿಮ್ಮ ದೊಡ್ಡಪ್ಪ ಬರುತ್ತಾರೆ. ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಗೆ ತಿಂಗಳಿಗೊಂದು ಇಂಜೆಕ್ಷನ್. ಅದರಿಂದ ಕೈ ನಡುಗದಿರಲಿ ಅಂತ ದಿನಾ ಒಂದು ಮಾತ್ರೆ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಿದ್ದೆ ತಡೆಯಲು ಕವಳದ (ಎಲೆ-ಅಡಿಕೆಯ) ಮೇಲೆ ಕವಳ. ಆಮೇಲೆ ದವಡೆ ನಡುಗಿತು, ಮೈ ಬಿಗಿಯಿತು. ಇಷ್ಟನ್ನೂ ಐದೇ ಸಾಲಿನಲ್ಲಿ ಮುಗಿಸಿದ್ದೀರಿ! ನಿಮ್ಮ ಲೇಖನ ಇರುವುದೇ ಅಲ್ಲಿ, ಅಲ್ವಾ?

1989ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಂಥದೇ ಇಬ್ಬರ ವರದಿ ಬಂದಿತ್ತು. ಅವರಿಗೂ ಇಂಥದೇ ಇಂಜೆಕ್ಷನ್, ಇಂಥದೇ ಮಾತ್ರೆ. ಅಡಿಕೆ ಅತಿಯಾದಾಗ ಮೈ ಬಿಗಿಯಿತು. ಅಡಿಕೆ ಬಿಟ್ಟ ಮೇಲೆ 4ರಿಂದ 7 ದಿನದಲ್ಲಿ ಸರಿಹೋಯಿತು. ಕಾರಣವನ್ನು ಸರಳವಾಗಿ ಬರೆಯಿರಿ. ಇಂಜೆಕ್ಷನ್ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಆಗ ಅಲ್ಲಿನ ಇನ್ನೊಂದು ರಾಸಾಯನಿಕವಾದ ಅಸಿಟೈಲ್‌ಕೋಲಿನ್‌ನದು ಮೇಲುಗೈ. ನಡುಕ, ಬಿಗಿತ ಬರುವುದು ಹಾಗೆ. ಮಾತ್ರೆ ಆ ಮೇಲುಗೈಯನ್ನು ತಗ್ಗಿಸುತ್ತದೆ. ಆದರೆ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಅಸಿಟೈಲ್‌ಕೋಲಿನ್‌ನಂತೆಯೇ ಕೆಲಸ ಮಾಡುತ್ತದೆ. ಮಾತ್ರೆ ಹಿಡಿದಿಟ್ಟಿದ್ದನ್ನು ಕವಳ ಬಿಟ್ಟುಬಿಡುತ್ತದೆ.

ಹಾಗಂತ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಬೇಡಿ. ಪೆಸಿಫಿಕ್ ಸಾಗರದ ಪಲಾವು ದೇಶದಲ್ಲಿ ಸ್ಕಿಜೋಫ್ರೀನಿಯಾ ಇರುವ 70 ಜನರನ್ನು ನೋಡಿದ ಅಧ್ಯಯನ 2000ದಲ್ಲಿ ಬಂತು. ಅಡಿಕೆ ಅಗಿಯುವವರಿಗೂ ಅಗಿಯದವರಿಗೂ ನಡುಕ, ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ನಿಮ್ಮ ವಾದಕ್ಕೆ ಅಡ್ಡ ಬರುತ್ತದೆ. ಆದರೂ ಬರೆಯಲೇಬೇಕು.

ಇನ್ನೆರಡು ತಿದ್ದುಪಡಿ. ‘ತಂಬಾಕು ಹಾಕದಿದ್ದರೆ ಅಡಿಕೆಯಿಂದ ಬಾಯಿಗೆ ತೊಂದರೆಯಿಲ್ಲ’ ಎಂಬ ಸಾಲು ತೆಗೆಯಿರಿ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಇನ್ನೊಂದು ನನಗೆ ನಿಜಕ್ಕೂ ಭಯ ಹುಟ್ಟಿಸಿತು. ‘ಇಂಥ ಔಷಧಿಗಿಂತ ಬಿಡುವುದೇ ಲೇಸು’ ಎಂದಿದ್ದೀರಿ. ಓದಿದ ಒಬ್ಬರು ಹಾಗೆ ಇಂಜೆಕ್ಷನ್ ನಿಲ್ಲಿಸಿದರೂ ಅವರ ಮನೆಯ ಗತಿ ಏನು? ಕವಳದ ಲೆಕ್ಕವನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ ಅಂತ ಬರೆಯಿರಿ. ಇದನ್ನು ಕೇಳುವ ಡಾಕ್ಟರೂ ಕಡಿಮೆ, ಹೇಳುವ ರೋಗಿಯೂ ಕಡಿಮೆ.

ಸುಲಿತ ಮುಗಿದ ಮೇಲೆ ದೊಡ್ಡಪ್ಪನ ದವಡೆ ಏನಾಯಿತು? ನೀವು ಬರೆದೇ ಇಲ್ಲ. ದೊಡ್ಡಮ್ಮನಿಗೆ ನೆನಪಿರುತ್ತದೆ. ಕೇಳಿಕೊಂಡು ಬಂದು, ಅಲ್ಲಿಂದ ಬರೆದು ಕಳಿಸಿ. ನಾನು ಕಾಯುತ್ತೇನೆ.

— ಸಂಪಾದಕ